ಟೀವಿಗೆ ಬಾರದ ಪ್ರಶಸ್ತಿ

1989ರ ಫೆಬ್ರವರಿ 22. ಅಮೆರಿಕದ ಲಾಸ್ ಏಂಜಲೀಸ್ ನಗರದ ಶ್ರೈನ್ ಸಭಾಂಗಣದಲ್ಲಿ ಗ್ರ್ಯಾಮಿ ಪ್ರಶಸ್ತಿಗಳ ಮೂವತ್ತೊಂದನೆಯ ಸಮಾರಂಭ. ಧ್ವನಿಮುದ್ರಿತ ಸಂಗೀತಕ್ಕೆ ಆ ದೇಶದಲ್ಲಿ ಅದಕ್ಕಿಂತ ದೊಡ್ಡ ಮನ್ನಣೆ ಇಲ್ಲ. ಆ ವರ್ಷ ಮೊದಲ ಬಾರಿಗೆ ರ‍್ಯಾಪ್ ಸಂಗೀತಕ್ಕೂ ಒಂದು ಪ್ರಶಸ್ತಿಯನ್ನು ಇಡಲಾಗಿತ್ತು. ಅದನ್ನು ಗೆದ್ದವರು ಫಿಲಡೆಲ್ಫಿಯಾ ನಗರದ ಇಬ್ಬರು ಹುಡುಗರು. ಒಬ್ಬ ಜೆಫ್ರಿ ಟೌನ್ಸ್. ಗ್ರಾಮಫೋನ್ ತಟ್ಟೆಗಳನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿ ತಾಳ ಹುಟ್ಟಿಸುವುದು ಅವನ ಕೆಲಸ. ವೇದಿಕೆಯಲ್ಲಿ ಅವನ ಹೆಸರು ಡಿಜೆ ಜಾಝಿ ಜೆಫ್. ಇನ್ನೊಬ್ಬ, ಆ ತಾಳದ ಮೇಲೆ ಪ್ರಾಸಬದ್ಧ ಮಾತು ಪೋಣಿಸುವ 20 ವರ್ಷದ ಉದ್ದ ಕಿವಿಯ ಹುಡುಗ. ತನ್ನನ್ನು ಫ್ರೆಶ್ ಪ್ರಿನ್ಸ್ ಎಂದು ಕರೆದುಕೊಂಡಿದ್ದ. ವಿಜೇತರ ಹೆಸರು ಪ್ರಕಟವಾದಾಗ ಇಬ್ಬರೂ ಸಭಾಂಗಣದಲ್ಲಿ ಇರಲಿಲ್ಲ. ಕಾಯಿಲೆಯೇನೂ ಇರಲಿಲ್ಲ, ವಿಮಾನವೂ ತಪ್ಪಿರಲಿಲ್ಲ. ಬೇಕೆಂದೇ ಬಂದಿರಲಿಲ್ಲ.

ಆ ಫ್ರೆಶ್ ಪ್ರಿನ್ಸ್ ಮುಂದೆ ತನ್ನ ನಿಜನಾಮದಿಂದಲೇ ಲೋಕವಿಖ್ಯಾತನಾದ ನಟ ವಿಲ್ ಸ್ಮಿತ್. ನಾಲ್ಕು ಗ್ರ್ಯಾಮಿ, ಆರು ಗೋಲ್ಡನ್ ಗ್ಲೋಬ್ ನಾಮನಿರ್ದೇಶನಗಳಲ್ಲಿ ಒಂದು ಗೆಲುವು, ನಾಲ್ಕು ಆಸ್ಕರ್ ನಾಮನಿರ್ದೇಶನಗಳಲ್ಲಿ ಒಂದು ಗೆಲುವು - ರ‍್ಯಾಪ್ ಗಾಯಕನಾಗಿ ಹೊರಟು ನಟನಾದವನಿಗೆ ಇದು ದೊಡ್ಡ ಗಳಿಕೆಯೇ ಸರಿ. ಆದರೆ ಅಂಕಪಟ್ಟಿಯ ಹಾಗೆ ಓದಿದರೆ ಇದರಲ್ಲಿ ವಿಶೇಷವೇನೂ ಕಾಣದು. ಪ್ರತಿ ಪ್ರಶಸ್ತಿಯ ಪಕ್ಕದಲ್ಲಿ ಅದನ್ನು ಎಲ್ಲಿ ಕೊಟ್ಟರು, ಯಾರು ನೋಡುತ್ತಿದ್ದರು ಎಂಬುದನ್ನೂ ಬರೆದುಕೊಂಡಾಗ ಮಾತ್ರ ಅದರ ಕಥೆ ತೆರೆದುಕೊಳ್ಳುತ್ತದೆ. ಒಂದು ಕಲೆಯನ್ನು ಗೌರವಿಸುವುದು ಬೇರೆ, ಆ ಗೌರವವನ್ನು ನಾಲ್ಕು ಜನರ ಎದುರು ಸಲ್ಲಿಸುವುದು ಬೇರೆ ಎಂಬುದು ಈತನ ಬದುಕಿನಲ್ಲಿ ಮತ್ತೆ ಮತ್ತೆ ಎದುರಾದ ಸಂಗತಿ.

ರ‍್ಯಾಪ್ ಹುಟ್ಟಿದ್ದು ಸಭಾಂಗಣಗಳಲ್ಲಲ್ಲ. 1973ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಒಂದು ವಸತಿ ಕಟ್ಟಡದಲ್ಲಿ ನಡೆದ ಸಂತೋಷಕೂಟವನ್ನು ಅದರ ಆರಂಭವೆಂದು ಗುರುತಿಸುವುದು ವಾಡಿಕೆ. ಜಮೈಕಾದಿಂದ ಬಂದಿದ್ದ ಕೂಲ್ ಹರ್ಕ್ ಎಂಬ ಯುವಕ ಒಂದೇ ಹಾಡಿನ ಎರಡು ತಟ್ಟೆಗಳನ್ನು ಅಕ್ಕಪಕ್ಕ ಇಟ್ಟು, ಹಾಡಿನಲ್ಲಿ ಬರಿಯ ತಾಳವಾದ್ಯ ಮೊಳಗುವ ತುಣುಕನ್ನು ಮತ್ತೆ ಮತ್ತೆ ನುಡಿಸುವ ಉಪಾಯ ಕಂಡುಕೊಂಡ. ಕುಣಿಯುವವರಿಗೆ ಬೇಕಾದದ್ದು ಅದೇ ತುಣುಕು. ಆ ತಾಳದ ಮೇಲೆ ಮೊದಮೊದಲು ಕುಣಿಯುವವರನ್ನು ಹುರಿದುಂಬಿಸುವ ಕೂಗುಗಳು ಬಂದವು. ಬರಬರುತ್ತ ಅವೇ ಬೆಳೆದು ಮಾತೂ ಅಲ್ಲದ, ಹಾಡೂ ಅಲ್ಲದ, ಪ್ರಾಸದ ಮೇಲೆ ಪ್ರಾಸ ಹೇರಿದ ಒಂದು ಕಲೆಯಾದವು. ಬಡ ಕರಿಯರ, ಲ್ಯಾಟಿನ್ ಅಮೆರಿಕದ ವಲಸಿಗರ ಕೇರಿಗಳ ಕಲೆ ಇದು. 1979ರಲ್ಲಿ 'ರ‍್ಯಾಪರ್ಸ್ ಡಿಲೈಟ್' ಎಂಬ ತಟ್ಟೆ ರಾಷ್ಟ್ರಮಟ್ಟದಲ್ಲಿ ಜನಪ್ರಿಯವಾದ ಮೇಲೂ ಇದು ನಾಲ್ಕು ದಿನದ ಗೀಳು, ಹಾಡಲು ಬಾರದವರು ಮಾಡುವ ಗದ್ದಲ ಎಂದೇ ಸಂಗೀತದ ದೊಡ್ಡವರು ಎಣಿಸಿದ್ದರು. ಗ್ರ್ಯಾಮಿ ಕೊಡುವ ಅಕಾಡೆಮಿ ಅದಕ್ಕೊಂದು ವಿಭಾಗ ತೆರೆಯಲು ಸುಮಾರು ಹತ್ತು ವರ್ಷ ತೆಗೆದುಕೊಂಡಿತು.

ತೆರೆದದ್ದೇನೋ ನಿಜ. ಆದರೆ ಆ ಪ್ರಶಸ್ತಿಯ ಪ್ರದಾನವನ್ನು ದೂರದರ್ಶನದಲ್ಲಿ ತೋರಿಸುವುದಿಲ್ಲ ಎಂದರು. ಸಂಘಟಕರ ಸಮಜಾಯಿಷಿ ಅಷ್ಟು ಸುಳ್ಳೂ ಅಲ್ಲ. ವಿಭಾಗಗಳು ಎಪ್ಪತ್ತಕ್ಕೂ ಹೆಚ್ಚು, ಪ್ರಸಾರಕ್ಕೆ ಸಿಗುವುದು ಮೂರು ಗಂಟೆ. ಬಹುಪಾಲು ಪ್ರಶಸ್ತಿಗಳನ್ನು ಪ್ರಸಾರ ಆರಂಭವಾಗುವ ಮುನ್ನವೇ ಹಂಚಿ ಮುಗಿಸುವುದು ಹಿಂದಿನಿಂದ ನಡೆದು ಬಂದ ಪದ್ಧತಿ. ಶಾಸ್ತ್ರೀಯ ಸಂಗೀತದ ಎಷ್ಟೋ ಘಟಾನುಘಟಿಗಳು ಹೀಗೆಯೇ ಕ್ಯಾಮೆರಾ ಇಲ್ಲದೆ ಪ್ರಶಸ್ತಿ ಪಡೆದು ಹೋಗುತ್ತಿದ್ದರು. ಆದರೂ ರ‍್ಯಾಪ್ ಗಾಯಕರಿಗೆ ಚುಚ್ಚಿದ್ದು ಬೇರೆ. ಅದೇ ವರ್ಷ ಗ್ರ್ಯಾಮಿಯಲ್ಲಿ ಹೊಸದಾಗಿ ಸೇರಿದ ಇನ್ನೊಂದು ವಿಭಾಗ ಹಾರ್ಡ್ ರಾಕ್ ಮತ್ತು ಹೆವಿ ಮೆಟಲ್. ಆ ಪಂಥದ ಮೆಟಾಲಿಕಾ ತಂಡ ಅಂದು ರಾತ್ರಿ ಟೀವಿ ವೇದಿಕೆಯ ಮೇಲೆ ನಿಂತು ನುಡಿಸಿತು. ಅದಕ್ಕೆ ವೇಳೆ ಇತ್ತು. ಮಾರಾಟದಲ್ಲಿ, ಎಳೆಯರ ಬಾಯಲ್ಲಿ ಅದಕ್ಕೇನೂ ಕಡಿಮೆಯಿಲ್ಲದ ರ‍್ಯಾಪ್ ಪ್ರಶಸ್ತಿಗೆ ಇರಲಿಲ್ಲ.

ನಾಮನಿರ್ದೇಶನಗೊಂಡವರು ಐವರು: ಫಿಲಡೆಲ್ಫಿಯಾದ ಈ ಜೋಡಿ, ಎಲ್ಎಲ್ ಕೂಲ್ ಜೆ, ಸಾಲ್ಟ್-ಎನ್-ಪೆಪಾ ಎಂಬ ಮಹಿಳಾ ತಂಡ, ಜೆ.ಜೆ. ಫ್ಯಾಡ್ ಎಂಬ ಇನ್ನೊಂದು ಮಹಿಳಾ ತಂಡ ಮತ್ತು ಕೂಲ್ ಮೋ ಡೀ. ಇವರಲ್ಲಿ ಮೊದಲ ಮೂವರು ಸಮಾರಂಭವನ್ನು ಬಹಿಷ್ಕರಿಸಿದರು. ಕೂಲ್ ಮೋ ಡೀ ಬಂದ. ಟೀವಿ ಕಾರ್ಯಕ್ರಮದಲ್ಲಿ ಬೇರೊಂದು ಪ್ರಶಸ್ತಿ ಕೊಡುವವರ ಸಾಲಿನಲ್ಲಿ ನಿಂತು, ರ‍್ಯಾಪ್‌ನ ಪರವಾಗಿ ನಾಲ್ಕು ಪ್ರಾಸದ ಮಾತುಗಳನ್ನೂ ಆಡಿಯೇ ಇಳಿದ. ಹೊರಗೆ ನಿಂತು ಪ್ರತಿಭಟಿಸುವುದೇ, ಸಿಕ್ಕಿದಷ್ಟು ಜಾಗದಲ್ಲಿ ಕಾಲೂರುವುದೇ ಎಂಬ ಹಳೆಯ ತಕರಾರು ಇಲ್ಲೂ ಇತ್ತು. ಎರಡರಲ್ಲಿ ಯಾವುದು ಸರಿ ಎಂದು ಹೇಳುವುದು ಸುಲಭವಲ್ಲ. ಫಲ ಮಾತ್ರ ಬೇಗ ಬಂತು: 1990ರ ಸಮಾರಂಭದಲ್ಲಿ ರ‍್ಯಾಪ್ ಪ್ರಶಸ್ತಿಯನ್ನು ಟೀವಿಯಲ್ಲೇ ಕೊಟ್ಟರು. ಹಿಂದಿನ ವರ್ಷ ಬಾರದಿದ್ದ ಜೆಫ್ ಮತ್ತು ಸ್ಮಿತ್ ಅಂದು ಅದೇ ವೇದಿಕೆಯ ಮೇಲೆ ಹಾಡಿದರು. ಪ್ರಶಸ್ತಿ ಹೋದದ್ದು ಯಂಗ್ ಎಂಸಿ ಎಂಬುವನಿಗೆ. ಕ್ಯಾಮೆರಾ ಬಂದಾಗ ಪ್ರಶಸ್ತಿ ಇಲ್ಲ!

ಮೊದಲ ಪ್ರಶಸ್ತಿ ಇವರಿಗೇ ಏಕೆ ಬಂತು ಎಂಬುದನ್ನೂ ಕೇಳಬೇಕು. 1988 ರ‍್ಯಾಪ್ ಚರಿತ್ರೆಯಲ್ಲಿ ಬಹು ಫಲವತ್ತಾದ ವರ್ಷ. ಪಬ್ಲಿಕ್ ಎನಿಮಿ ತಂಡದ ಸಿಡಿಗುಂಡಿನಂಥ ರಾಜಕೀಯ ಹಾಡುಗಳ ಸಂಪುಟ ಬಂದದ್ದು ಆಗಲೇ. ಪೊಲೀಸರ ದೌರ್ಜನ್ಯದ ಬಗ್ಗೆ ಬಾಯಿಗೆ ಬಂದಂತೆ ಬಯ್ದ ಎನ್‌ಡಬ್ಲ್ಯೂಎ ತಂಡದ ಪ್ರಸಿದ್ಧ ಸಂಪುಟವೂ ಆಗಿನದೇ. ನಾಮನಿರ್ದೇಶಿತರ ಪಟ್ಟಿಯಲ್ಲಿ ಈ ಎರಡೂ ಹೆಸರುಗಳಿಲ್ಲ. ಗೆದ್ದ ಹಾಡು 'ಪೇರೆಂಟ್ಸ್ ಜಸ್ಟ್ ಡೋಂಟ್ ಅಂಡರ್‌ಸ್ಟ್ಯಾಂಡ್' - ಅಪ್ಪ ಅಮ್ಮನಿಗೆ ಮಕ್ಕಳ ಕಷ್ಟ ತಿಳಿಯದು ಎಂದು ಗೊಣಗುವ ತಮಾಷೆಯ ಹಾಡು. ಶಾಲೆ ಶುರುವಾಗುವ ಮುನ್ನ ಅಮ್ಮ ಹಳೇ ಕಾಲದ ಬಟ್ಟೆ ಕೊಡಿಸಿ ಮಾನ ಕಳೆಯುವ ಪ್ರಸಂಗ ಅದರಲ್ಲಿದೆ. ಯಾರ ಮನೆಯಲ್ಲಿ ನಡೆಯದ ಮಾತು! ಸ್ಮಿತ್‌ನ ಅಪ್ಪ ಶೀತಯಂತ್ರಗಳ ಕೆಲಸ ಮಾಡುತ್ತಿದ್ದವನು, ಅಮ್ಮ ಶಾಲಾ ಮಂಡಳಿಯ ನೌಕರಳು. ಬೀದಿಯ ಬಂದೂಕಿನ ಕಥೆಗಳು ಅವನ ಬಳಿ ಇರಲಿಲ್ಲ. ಇದೆ ಎಂದು ನಟಿಸಲೂ ಅವನು ಹೋಗಲಿಲ್ಲ.

ಅವನ ಹಾಡುಗಳಲ್ಲಿ ಕೆಟ್ಟ ಮಾತೂ ಇರುತ್ತಿರಲಿಲ್ಲ. ಅದಕ್ಕೆ ಕಾರಣ ಅಜ್ಜಿ. ಹುಡುಗ ಹಾಡು ಬರೆದುಕೊಳ್ಳುತ್ತಿದ್ದ ಪುಸ್ತಕ ಒಮ್ಮೆ ಆಕೆಯ ಕೈಗೆ ಸಿಕ್ಕಿತಂತೆ. ನಿಜವಾಗಿ ತಿಳಿವಳಿಕೆ ಇರುವವರಿಗೆ ಇಂಥ ಪದಗಳ ಅಗತ್ಯ ಬೀಳದು ಎಂಬ ಅರ್ಥದ ಒಂದು ಚೀಟಿಯನ್ನು ಅದರಲ್ಲೇ ಬರೆದಿಟ್ಟಳಂತೆ. ಸ್ಮಿತ್ ಈ ಪ್ರಸಂಗವನ್ನು ಹಲವು ಬಾರಿ ಹೇಳಿದ್ದಾನೆ. ಈ ಶುದ್ಧ ನಾಲಿಗೆ ಅವನಿಗೆ ಬಿಳಿಯರ ಮನೆಗಳ ಬಾಗಿಲನ್ನು ತೆರೆಯಿತು. ರ‍್ಯಾಪ್‌ನ ಒಳವಲಯದಲ್ಲಿ ಹಗುರ ಮಾಡಿತು. 2000ರಲ್ಲಿ ಎಮಿನೆಮ್ ತನ್ನ ಹಾಡಿನಲ್ಲೇ ಇದನ್ನು ಗೇಲಿ ಮಾಡಿದ. ಮಡಿವಂತರು ಮೊದಲು ಒಳಗೆ ಬಿಟ್ಟುಕೊಳ್ಳುವುದು ತಮ್ಮನ್ನು ಹೆದರಿಸದವನನ್ನೇ ಎಂಬ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಹೆದರಿಸದ ಈ ಹುಡುಗನೇ ಬಂದ ಪ್ರಶಸ್ತಿಯನ್ನು ಒಲ್ಲೆನೆಂದು ಮನೆಯಲ್ಲಿ ಕುಳಿತವರಲ್ಲಿ ಒಬ್ಬ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಟನೆ ಅವನಿಗೆ ಸಾಲದ ಸಂಕಟದಲ್ಲಿ ದೊರಕಿದ ದಾರಿ. ಕೈತುಂಬ ಬಂದ ಹಣವನ್ನು ಕೈತುಂಬ ಖರ್ಚು ಮಾಡಿ ಆದಾಯ ತೆರಿಗೆ ಕಟ್ಟಲು ಮರೆತಿದ್ದ. ಇಲಾಖೆ ಬಾಕಿ ವಸೂಲಿಗೆ ಬಂದಾಗ ಕೈ ಬರಿದು. ಆಗ ಸಿಕ್ಕಿದ್ದು 'ದಿ ಫ್ರೆಶ್ ಪ್ರಿನ್ಸ್ ಆಫ್ ಬೆಲ್-ಏರ್' ಎಂಬ ಟೀವಿ ಧಾರಾವಾಹಿ. ಹೆಸರಾಂತ ಸಂಗೀತಗಾರ ಕ್ವಿನ್ಸಿ ಜೋನ್ಸ್ ಅದರ ನಿರ್ಮಾಪಕರಲ್ಲಿ ಒಬ್ಬ. 1990ರ ಸೆಪ್ಟೆಂಬರಿನಿಂದ 1996ರ ಮೇವರೆಗೆ 148 ಕಂತುಗಳು. ಅದಕ್ಕೆ ಎರಡು ಗೋಲ್ಡನ್ ಗ್ಲೋಬ್ ನಾಮನಿರ್ದೇಶನ ಬಂದವು. ಜೊತೆಗೆ ಹಾಡೂ ನಡೆದಿತ್ತು. 1992ರಲ್ಲಿ 'ಸಮರ್‌ಟೈಮ್' ಹಾಡಿಗೆ ಜೋಡಿಯ ಎರಡನೆಯ ಗ್ರ್ಯಾಮಿ. 1998ರಲ್ಲಿ 'ಮೆನ್ ಇನ್ ಬ್ಲ್ಯಾಕ್', 1999ರಲ್ಲಿ 'ಗೆಟಿನ್ ಜಿಗಿ ವಿತ್ ಇಟ್' ಹಾಡುಗಳಿಗೆ ಸ್ಮಿತ್‌ಗೆ ಒಂಟಿಯಾಗಿ ಇನ್ನೆರಡು. ಆ ಹೊತ್ತಿಗೆ 'ಇಂಡಿಪೆಂಡೆನ್ಸ್ ಡೇ' ಚಿತ್ರದಿಂದ ಆತ ಹಾಲಿವುಡ್‌ನ ದುಬಾರಿ ನಟರ ಸಾಲಿಗೆ ಸೇರಿಯಾಗಿತ್ತು.

ಇಲ್ಲೊಂದು ತಮಾಷೆಯ ಸಂಗತಿ. 1999ರ 'ವೈಲ್ಡ್ ವೈಲ್ಡ್ ವೆಸ್ಟ್' ಚಿತ್ರಕ್ಕಾಗಿ ಸ್ಮಿತ್ ಅದೇ ಹೆಸರಿನ ಹಾಡು ಹಾಡಿದ. ಅದರ ಪಲ್ಲವಿಯ ಮೂಲ ಕೂಲ್ ಮೋ ಡೀಯ ಹಳೆಯ ಹಾಡು. 1989ರಲ್ಲಿ ಸ್ಮಿತ್ ಎದುರು ಗ್ರ್ಯಾಮಿ ಸೋತಿದ್ದ ಹಾಡು ಅದೇ. ಹೊಸ ರೂಪದಲ್ಲಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಜೊತೆಗೆ, ವರ್ಷದ ಅತಿ ಕಳಪೆ ಚಿತ್ರಗಳನ್ನು ಹುಡುಕಿ ಲೇವಡಿ ಮಾಡುವ 'ರ‍್ಯಾಜಿ'ಗಳ ಅತಿ ಕೆಟ್ಟ ಹಾಡು ಎಂಬ ಬಿರುದನ್ನೂ ಗಳಿಸಿತು. ಜನರ ಮತವೂ ತೀರ್ಪುಗಾರರ ಮತವೂ ಇಷ್ಟು ಚೆನ್ನಾಗಿ ಜಗಳವಾಡಿದ್ದು ಅಪರೂಪ.

ಹಾಡಿನ ಲೋಕದ ಮಾತು ಹಾಗಾಯಿತು. ಚಿತ್ರರಂಗದ ದೊಡ್ಡ ಮನೆ ಆಸ್ಕರ್. ಅದರ ಬಾಗಿಲಿಗೆ ಸ್ಮಿತ್ ಮೊದಲು ಬಂದದ್ದು 2002ರಲ್ಲಿ, ಮೈಕಲ್ ಮನ್ ನಿರ್ದೇಶಿಸಿದ 'ಅಲಿ' ಚಿತ್ರದಲ್ಲಿ ಮುಷ್ಟಿಕಾಳಗದ ವೀರ ಮಹಮ್ಮದ್ ಅಲಿಯ ಪಾತ್ರಕ್ಕಾಗಿ. ಎದುರಾಳಿಯನ್ನು ಪ್ರಾಸದಲ್ಲೇ ಹೀಯಾಳಿಸುತ್ತಿದ್ದ ಅಲಿಯನ್ನು ರ‍್ಯಾಪ್‌ನ ಪೂರ್ವಜನೆಂದು ಹೇಳುವವರುಂಟು. ಆ ಪಾತ್ರ ಒಬ್ಬ ರ‍್ಯಾಪ್ ಗಾಯಕನ ಪಾಲಿಗೆ ಬಂದದ್ದು ಉಚಿತವೇ ಆಗಿತ್ತು. ಅಂದು ಪ್ರಶಸ್ತಿ ಡೆನ್ಜೆಲ್ ವಾಷಿಂಗ್ಟನ್‌ಗೆ ಹೋಯಿತು. ಶ್ರೇಷ್ಠ ನಟನ ಆಸ್ಕರ್ ಒಬ್ಬ ಕರಿಯನಿಗೆ ದೊರೆತದ್ದು 1964ರಲ್ಲಿ ಸಿಡ್ನಿ ಪಾಟಿಯೇ ಗೆದ್ದ ಮೇಲೆ ಅದೇ ಮೊದಲು. ನಡುವೆ 38 ವರ್ಷ. ಅದೇ ರಾತ್ರಿ ಹ್ಯಾಲಿ ಬೆರ‍್ರಿ ಶ್ರೇಷ್ಠ ನಟಿಯಾದಳು. ಎರಡನೆಯ ನಾಮನಿರ್ದೇಶನ 2007ರಲ್ಲಿ, ಮನೆ ಕಳೆದುಕೊಂಡು ಮಗನೊಂದಿಗೆ ಬೀದಿಗೆ ಬಿದ್ದು ಮೇಲೆದ್ದ ಒಬ್ಬ ತಂದೆಯ ನಿಜಕಥೆಗೆ. ಆಗ ಗೆದ್ದವನು ಫಾರೆಸ್ಟ್ ವಿಟೇಕರ್. ಎರಡು ಬಾರಿಯೂ ಕರಿಯ ನಟನಿಗೇ ಸೋತದ್ದರಿಂದ ಸ್ಮಿತ್‌ಗೆ ಬಣ್ಣದ ದೂರು ಹೇಳಲು ಎಡೆಯಿರಲಿಲ್ಲ.

ಆ ದೂರಿಗೆ ಎಡೆ ದೊರೆತದ್ದು 2016ರಲ್ಲಿ. ನಟನೆಯ ನಾಲ್ಕು ವಿಭಾಗಗಳ 20 ನಾಮನಿರ್ದೇಶಿತರೂ ಬಿಳಿಯರೇ, ಅದೂ ಸತತ ಎರಡನೆಯ ವರ್ಷ. 'ಕನ್‌ಕಷನ್' ಚಿತ್ರದಲ್ಲಿ ನೈಜೀರಿಯಾ ಮೂಲದ ವೈದ್ಯನ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ಪಟ್ಟಿಯಲ್ಲಿ ಸ್ಥಾನ ಪಡೆದಿದ್ದ ಸ್ಮಿತ್ ಆಸ್ಕರ್ ಪಟ್ಟಿಯಲ್ಲಿರಲಿಲ್ಲ. ಇದಕ್ಕೆ ನಾಲ್ಕು ವರ್ಷ ಮೊದಲು 'ಲಾಸ್ ಏಂಜಲೀಸ್ ಟೈಮ್ಸ್' ಪತ್ರಿಕೆ ಅಕಾಡೆಮಿಯ ಮತದಾರರನ್ನು ಎಣಿಸಿ, ನೂರಕ್ಕೆ 94 ಮಂದಿ ಬಿಳಿಯರು, 77 ಮಂದಿ ಗಂಡಸರು ಎಂದು ಬರೆದಿತ್ತು. ಸ್ಮಿತ್‌ನ ಹೆಂಡತಿ, ನಟಿ ಜೇಡಾ ಪಿಂಕೆಟ್ ಸ್ಮಿತ್, ತಾನು ಸಮಾರಂಭಕ್ಕೆ ಹೋಗುವುದಿಲ್ಲವೆಂದು ಸಾರಿದಳು. ಸ್ಮಿತ್ ಕೂಡ ಹೋಗಲಿಲ್ಲ. 27 ವರ್ಷಗಳ ನಂತರ ಅವನ ಎರಡನೆಯ ಬಹಿಷ್ಕಾರ. ಆದರೆ ಎರಡರ ತೂಕ ಒಂದೇ ಅಲ್ಲ. ಮೊದಲ ಸಲ ಆತ ಗೆಲ್ಲಬಹುದಾದ ಪ್ರಶಸ್ತಿಯನ್ನು ಬಿಟ್ಟಿದ್ದ. ಈ ಸಲ ಬಿಡಲು ಅವನ ಕೈಯಲ್ಲಿ ಏನೂ ಇರಲಿಲ್ಲ. ಹಾಗೆಂದು ಆಡಿಕೊಂಡವರೂ ಇದ್ದರು. ಅವರಲ್ಲಿ ಒಬ್ಬ, ಅಂದಿನ ಸಮಾರಂಭದ ನಿರೂಪಕ ಕ್ರಿಸ್ ರಾಕ್. ಜೇಡಾಳ ಬಹಿಷ್ಕಾರವನ್ನು ಆತ ಕರೆಯದ ಮದುವೆಗೆ ಹೋಗುವುದಿಲ್ಲ ಎಂಬ ಹಟದಂತೆ ಚಿತ್ರಿಸಿ ನಗಿಸಿದ. ಅಕಾಡೆಮಿ ಮಾತ್ರ ನಗಲಿಲ್ಲ. ಮಹಿಳೆಯರ ಮತ್ತು ಬಿಳಿಯರಲ್ಲದವರ ಸಂಖ್ಯೆಯನ್ನು 2020ರೊಳಗೆ ಇಮ್ಮಡಿ ಮಾಡುವುದಾಗಿ ಆ ಜನವರಿಯಲ್ಲೇ ಪ್ರಕಟಿಸಿತು.

2022ರಲ್ಲಿ ಎಲ್ಲವೂ ಒಟ್ಟಿಗೆ ಬಂತು. 'ಕಿಂಗ್ ರಿಚರ್ಡ್' ಚಿತ್ರದಲ್ಲಿ ಸ್ಮಿತ್‌ನದು ಟೆನಿಸ್ ಸೋದರಿಯರಾದ ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಅವರ ತಂದೆಯ ಪಾತ್ರ. ಜನವರಿ 9ರಂದು ಅದಕ್ಕೆ ಗೋಲ್ಡನ್ ಗ್ಲೋಬ್ ದೊರೆಯಿತು. ಆರನೆಯ ನಾಮನಿರ್ದೇಶನದಲ್ಲಿ ಮೊದಲ ಗೆಲುವು. ಆದರೆ ಆ ವರ್ಷ ಗೋಲ್ಡನ್ ಗ್ಲೋಬ್ ಸಮಾರಂಭವೇ ಟೀವಿಯಲ್ಲಿ ಇರಲಿಲ್ಲ. ಪ್ರಶಸ್ತಿ ಕೊಡುವ ವಿದೇಶಿ ಪತ್ರಕರ್ತರ ಸಂಘದ 87 ಸದಸ್ಯರಲ್ಲಿ ಒಬ್ಬನೂ ಕರಿಯನಿಲ್ಲ ಎಂಬುದು ಹಿಂದಿನ ವರ್ಷ ಬಯಲಾಗಿ, ಎನ್‌ಬಿಸಿ ವಾಹಿನಿ ಪ್ರಸಾರ ಮಾಡಲು ಒಪ್ಪಿರಲಿಲ್ಲ. ತಾರೆಯರಿಲ್ಲದ, ಪ್ರೇಕ್ಷಕರಿಲ್ಲದ ಹೋಟೆಲಿನ ಸಭಾಂಗಣದಲ್ಲಿ ಹೆಸರು ಓದಿ, ಫಲಿತಾಂಶವನ್ನು ಅಂತರ್ಜಾಲದಲ್ಲಿ ಹಾಕಿದರು. ಸ್ಮಿತ್‌ನ ಮೊದಲ ಗ್ರ್ಯಾಮಿ ಕರಿಯರ ಸಂಗೀತಕ್ಕೆ ವೇಳೆ ಇಲ್ಲವೆಂದು ಕತ್ತಲಲ್ಲಿ ಬಂದಿತ್ತು. ಮೊದಲ ಗೋಲ್ಡನ್ ಗ್ಲೋಬ್ ಕರಿಯರನ್ನು ಹೊರಗಿಟ್ಟ ತಪ್ಪಿಗೆ ದಂಡವಾಗಿ ಕತ್ತಲಲ್ಲಿ ಬಂತು. ಎರಡೂ ಬಾರಿ ಕೈತಪ್ಪಿದ್ದು ಅವನ ಗಳಿಗೆ.

ಮಾರ್ಚ್ 26ರಂದು ರ‍್ಯಾಜಿಯವರೂ ಹಳೆಯ ಲೆಕ್ಕ ತೀರಿಸಿದರು. 'ಆಫ್ಟರ್ ಅರ್ತ್' ಚಿತ್ರಕ್ಕೆ 2014ರಲ್ಲಿ ತಂದೆ ಮಗ ಇಬ್ಬರಿಗೂ ಕಳಪೆ ನಟನೆಯ ಬಿರುದು ಕೊಟ್ಟಿದ್ದ ಅವರು, ಈಗ ಸುಧಾರಿಸಿದವನಿಗೆ ಕೊಡುವ 'ರಿಡೀಮರ್' ಗೌರವವನ್ನು ಸ್ಮಿತ್‌ಗೆ ಸಲ್ಲಿಸಿದರು. ಆ ಪಾಪವಿಮೋಚನೆ ಬಾಳಿದ್ದು ಒಂದು ದಿನ.

ಮರುದಿನ, ಮಾರ್ಚ್ 27, ಆಸ್ಕರ್. ನಮ್ಮಲ್ಲಿ ಸೋಮವಾರ ಬೆಳಗಿನ ಕಾಫಿಯ ಹೊತ್ತು. ಸಾಕ್ಷ್ಯಚಿತ್ರ ಪ್ರಶಸ್ತಿ ಕೊಡಲು ಬಂದ ಕ್ರಿಸ್ ರಾಕ್ ಜೇಡಾಳ ಬೋಳಿಸಿದ ತಲೆಯ ಬಗ್ಗೆ ಒಂದು ನಗೆಮಾತು ಆಡಿದ. ಆಕೆಗೆ ಕೂದಲು ಉದುರುವ ಕಾಯಿಲೆ ಇತ್ತು. ಸ್ಮಿತ್ ವೇದಿಕೆ ಹತ್ತಿ ರಾಕ್‌ನ ಕೆನ್ನೆಗೆ ಹೊಡೆದ. ಇಳಿದು ಬಂದು ಕುಳಿತಲ್ಲಿಂದ ಎರಡು ಬಾರಿ ಕೂಗಿ ಬಯ್ದ. ಆ ಬಯ್ಗುಳದಲ್ಲಿ ಅಜ್ಜಿ ಬೇಡವೆಂದಿದ್ದ ಪದ ಇದ್ದುದರಿಂದ ಅಮೆರಿಕದ ಪ್ರಸಾರದಲ್ಲಿ ಸದ್ದು ಅಡಗಿಸಬೇಕಾಯಿತು. ಸುಮಾರು 40 ನಿಮಿಷ ಕಳೆದು ಅದೇ ಸಭಾಂಗಣದಲ್ಲಿ ಶ್ರೇಷ್ಠ ನಟನೆಂದು ಸ್ಮಿತ್‌ನ ಹೆಸರು ಓದಿದರು. ಆ ಪ್ರಶಸ್ತಿ ಗೆದ್ದ ಐದನೆಯ ಕರಿಯ ನಟ ಆತ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆತ ಕಣ್ಣೀರಿಡುತ್ತ ಅಕಾಡೆಮಿಯ, ಸಹನಾಮನಿರ್ದೇಶಿತರ ಕ್ಷಮೆ ಕೇಳಿದ. ರಾಕ್‌ನ ಹೆಸರೆತ್ತಲಿಲ್ಲ.

ಆ ಕೆನ್ನೆಯೇಟಿನ ಬಗ್ಗೆ ಲೋಕದಲ್ಲಿ ಆಡದೆ ಉಳಿದ ಮಾತಿಲ್ಲ. ಅದರ ನೆರಳಲ್ಲಿ ಮರೆಯಾದ ಎರಡು ಸಂಗತಿಗಳನ್ನಾದರೂ ಇಲ್ಲಿ ಹೇಳಬೇಕು. ರಾಕ್ ಕೊಡಬೇಕಿದ್ದ ಸಾಕ್ಷ್ಯಚಿತ್ರ ಪ್ರಶಸ್ತಿ ಬಂದದ್ದು 'ಸಮರ್ ಆಫ್ ಸೋಲ್' ಚಿತ್ರಕ್ಕೆ. ಅದರ ನಿರ್ದೇಶಕ ಕ್ವೆಸ್ಟ್‌ಲವ್, ಸ್ಮಿತ್‌ನ ಊರಾದ ಫಿಲಡೆಲ್ಫಿಯಾದವನೇ, ಅಲ್ಲಿಯ ರ‍್ಯಾಪ್ ತಂಡವೊಂದರ ಡ್ರಮ್ ವಾದಕ. 1969ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನಡೆದ ಕರಿಯರ ಸಂಗೀತೋತ್ಸವದ ಚಿತ್ರೀಕರಣ ಕೊಳ್ಳುವವರಿಲ್ಲದೆ ಸುಮಾರು 50 ವರ್ಷ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ಹೊರತೆಗೆದು ಕಟ್ಟಿದ ಚಿತ್ರ ಇದು. ಯಾರೂ ನೋಡದೆ ಬಿಟ್ಟ ಸಂಗೀತಕ್ಕೆ ಕೊನೆಗೂ ಲೋಕದ ಕಣ್ಣು ಬೀಳಬೇಕಾದ ಗಳಿಗೆಯಲ್ಲಿ ಸಭೆಯವರು ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತಿದ್ದರು.

ಎರಡನೆಯದು, ಅಂದು ಆಸ್ಕರ್ ಗೆದ್ದ ರ‍್ಯಾಪ್ ಗಾಯಕ-ನಟ ಸ್ಮಿತ್ ಒಬ್ಬನೇ ಅಲ್ಲ. ಪಾಕಿಸ್ತಾನಿ ಮೂಲದ ಬ್ರಿಟಿಷ್ ನಟ, ರ‍್ಯಾಪ್ ಗಾಯಕ ರಿಜ್ ಅಹಮದ್ ತಾನು ನಟಿಸಿ, ಜೊತೆಗೂಡಿ ಬರೆದ 'ದಿ ಲಾಂಗ್ ಗುಡ್‌ಬೈ' ಎಂಬ ಕಿರುಚಿತ್ರಕ್ಕೆ ಪ್ರಶಸ್ತಿ ಪಡೆದ. ಆದರೆ ಸಮಯ ಉಳಿಸಲೆಂದು ಆ ವರ್ಷ ಅಕಾಡೆಮಿ ಎಂಟು ವಿಭಾಗಗಳನ್ನು ನೇರಪ್ರಸಾರಕ್ಕೆ ಮೊದಲೇ ಹಂಚಿತ್ತು. ಕಿರುಚಿತ್ರ ಅವುಗಳಲ್ಲಿ ಒಂದು. ಅಹಮದ್ ವೇದಿಕೆ ಹತ್ತಿದ್ದನ್ನು ಜನ ಆಮೇಲೆ, ಕತ್ತರಿಸಿ ಅಂಟಿಸಿದ ತುಣುಕಿನಲ್ಲಿ ಕಂಡರು. 1989ರ ಗ್ರ್ಯಾಮಿಯವರು ಹೇಳಿದ್ದ ಕಾರಣವನ್ನೇ 33 ವರ್ಷಗಳ ಮೇಲೆ ಆಸ್ಕರ್‌ನವರೂ ಹೇಳಿದ್ದರು. ಇಷ್ಟೆಲ್ಲ ಕತ್ತರಿ ಆಡಿಸಿಯೂ ಕಾರ್ಯಕ್ರಮ ಮೂರೂವರೆ ಗಂಟೆ ಮೀರಿತು.

ಏಪ್ರಿಲ್ 1ರಂದು ಸ್ಮಿತ್ ಅಕಾಡೆಮಿಯ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟ. 8ರಂದು ಅಕಾಡೆಮಿ ತನ್ನ ಯಾವ ಸಮಾರಂಭಕ್ಕೂ ಆತ ಹತ್ತು ವರ್ಷ ಬರಕೂಡದೆಂದು ನಿರ್ಬಂಧಿಸಿತು. ಪ್ರಶಸ್ತಿಯನ್ನು ಹಿಂದಕ್ಕೆ ಕೇಳಲಿಲ್ಲ. ಮತ್ತೆ ನಾಮನಿರ್ದೇಶನ ಪಡೆಯಬಾರದು, ಗೆಲ್ಲಬಾರದು ಎಂದೂ ಹೇಳಲಿಲ್ಲ. 2032ರ ಏಪ್ರಿಲ್‌ವರೆಗೆ ಆತ ಆಸ್ಕರ್ ಗೆದ್ದರೆ ಅದನ್ನು ಇಸಿದುಕೊಳ್ಳಲು ಬೇರೆಯವರೇ ಹೋಗಬೇಕು.

ಗ್ರ್ಯಾಮಿಯೊಂದಿಗೆ ಮಾತ್ರ ಲೆಕ್ಕ ಬೇರೆ ರೀತಿ ಸಂದಿತು. 1989ರ ಬಹಿಷ್ಕಾರದ ಜೊತೆಗಾರ ಎಲ್ಎಲ್ ಕೂಲ್ ಜೆ ಮುಂದೆ ಎರಡು ಗ್ರ್ಯಾಮಿ ಗೆದ್ದ. 2012ರಿಂದ 2016ರವರೆಗೆ ಸತತ ಐದು ವರ್ಷ ಆ ಸಮಾರಂಭದ ನಿರೂಪಕನಾದ. ಸಾಲ್ಟ್-ಎನ್-ಪೆಪಾ 1995ರಲ್ಲಿ ಗೆದ್ದು, 2021ರಲ್ಲಿ ಜೀವಮಾನ ಸಾಧನೆಯ ಗೌರವವನ್ನೂ ಪಡೆದರು. ಹಿಪ್-ಹಾಪ್‌ಗೆ 50 ತುಂಬಿದ ನೆನಪಿಗೆ ಅಕಾಡೆಮಿ ಏರ್ಪಡಿಸಿದ ಎರಡು ಗಂಟೆಗಳ ವಿಶೇಷ ಕಾರ್ಯಕ್ರಮವನ್ನು 2023ರ ಡಿಸೆಂಬರ್ 10ರಂದು ಪ್ರಸಾರ ಮಾಡಿದ್ದು ಸಿಬಿಎಸ್. 1989ರಲ್ಲಿ ರ‍್ಯಾಪ್ ಪ್ರಶಸ್ತಿಗೆ ಕೆಲವು ನಿಮಿಷ ಹೊಂದಿಸಲಾಗದೆ ಹೋದದ್ದೂ ಅದೇ ವಾಹಿನಿಯ ಪ್ರಸಾರದಲ್ಲಿ. ಆ ವೇದಿಕೆಗೆ ಜಾಝಿ ಜೆಫ್ ತಟ್ಟೆಗಳೊಂದಿಗೆ ಬಂದ. ಪಕ್ಕದಲ್ಲಿ 55 ವರ್ಷದ ಫ್ರೆಶ್ ಪ್ರಿನ್ಸ್ ನಿಂತು 'ಸಮರ್‌ಟೈಮ್' ಹಾಡಿದ.